ಗುಡ್ಡದ ಎರಡು ಕಿವಿ

ಡಿಶ್ ಅಲುಗಾಡಿತು!

ನಾನು ಅದರ ಅಂಚಿನಲ್ಲಿದ್ದೆ. ನೆಲ ಎಂಟಾಳು ಕೆಳಗೆ. ಆಕಾಶ ನೋಡುತ್ತಿದ್ದ ರೇಡಿಯೋ ದೂರದರ್ಶಕ ನಿಧಾನವಾಗಿ ನೆಲದ ಕಡೆ ವಾಲುತ್ತಿತ್ತು... ಮೊರದಲ್ಲಿನ ಹೊಟ್ಟಿನ ಹಾಗೆ ನನ್ನನ್ನು ಕೇರುವುದಕ್ಕೆ!

ಜಾರಿದೆ. ಕೈಗೆ ಒಂದು ಕಂಬಿ ಸಿಕ್ಕಿತು. ನೇತಾಡಿದೆ.

"ಯಾರ್ರೀ ಅದು? ನಿಲ್ಲಿಸ್ರೀ!"

ಡಿಶ್ ವಾಲುತ್ತಲೇ ಇತ್ತು. ಏಣಿಯ ತುದಿಯಲ್ಲಿ ಕೆಂಪು ಗುಂಡಿ ಕಂಡಿತು. ಕಾಲು ಬೀಸಿದೆ. ಎರಡನೇ ಸಲಕ್ಕೆ ಬೂಟು ತಗುಲಿತು. ಡಿಶ್ ನಿಂತಿತು.

ಕೆಳಗಿಳಿದೆ. ಸುಳ್ಳೇಕೆ ಹೇಳಲಿ? ಹೆದರಿದ್ದೆ.

ಅಷ್ಟರಲ್ಲಿ ಕಂಟ್ರೋಲ್ ರೂಮಿನ ಹಿಂದೆ ಬೈಕೊಂದು ಗುಡುಗಿತು. ಪೆಟ್ರೋಲ್ ಬೈಕ್!

ಇಲ್ಲಿ ಅದು ನಿಷಿದ್ಧ, ಸ್ವಾಮಿ. ಮೊಬೈಲೂ ನಿಷಿದ್ಧ. ಪ್ಲಗ್ಗಿನ ಕಿಡಿ ಹಾರಿದರೂ ಡಿಶ್‌ಗೆ ಕೇಳಿಸಿ ನಕ್ಷತ್ರದ ಸದ್ದು ಮುಚ್ಚಿಹೋಗುತ್ತದೆ. ಹಾಗಾಗಿ ನನಗೆ ಸಿಕ್ಕಿದ್ದು ಕಿಡಿಯೇ ಬೇಡದ ಮುದಿ ಡೀಸೆಲ್ ಜೀಪು. ಬೆನ್ನಟ್ಟಿದೆ. ಗೇಟು ದಾಟುವಷ್ಟರಲ್ಲಿ ಬೈಕ್ ಮಾಯ!

"ಸಿಕ್ಕಿದ್ನಾ?" ಬಾಗಿಲಲ್ಲೇ ಮೇಡಂ ಕೇಳಿದರು.

"ಧೂಳು ಸಿಕ್ತು."

ಮೇಡಂ ಇಲ್ಲಿನ ಡೇಟಾ ವಿಭಾಗದ ಮುಖ್ಯಸ್ಥೆ. ಗುಡ್ಡದ ಈಚೆ ಇವರ ಸಂಸ್ಥೆಯ ಡಿಶ್, ಆಚೆ ಇನ್ನೊಂದು ಸಂಸ್ಥೆಯದು. ನೋಡುವುದು ಅದೇ ಆಕಾಶ! ಆದರೆ ಇವರ ಫೈಲ್ ಅವರ ಕಂಪ್ಯೂಟರಿನಲ್ಲಿ ತೆರೆಯದು. ಇವರು ಫ್ರೀಕ್ವೆನ್ಸಿಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದರೆ ಅವರು ಮೇಲಿನಿಂದ ಕೆಳಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ! ಇಪ್ಪತ್ತು ವರ್ಷದಿಂದ ನಡುವೆ ಕೂತು ಫೈಲುಗಳನ್ನು ಮಾರ್ಪಡಿಸಿ ಕೊಡುತ್ತಿದ್ದವನು ಒಬ್ಬನೇ. ಅಡ್ಡಹೆಸರು ದುಭಾಷಿ. ಮೇಡಂ ಅವರ ಗಂಡನ ಅಣ್ಣ. ಇವತ್ತು ಹೊಟ್ಟೆನೋವಿನ ರಜೆ.

ಒಂಬತ್ತು ವರ್ಷ ಕೂತು ಮೇಡಂ ಎರಡೂ ಕಡೆಗೆ ಒಂದೇ ಇಂಟರ್‌ಫೇಸ್ ಮಾನದಂಡ, ಅಂದರೆ ಫೈಲ್ ಬರೆಯುವ ಒಂದೇ ಕ್ರಮ, ಬರೆದಿದ್ದರು. ಇವತ್ತು ನಾಲ್ಕಕ್ಕೆ ಸಮಿತಿಯ ಮುಂದೆ ಪರೀಕ್ಷೆ. ಎರಡು ಡಿಶ್‌ಗಳ ಡೇಟಾ ಒಂದೇ ಪರದೆಯಲ್ಲಿ ತೆರೆಯಬೇಕು. ತೆರೆಯದಿದ್ದರೆ ಯೋಜನೆಗೆ ಬೀಗ, ಒಂಬತ್ತು ವರ್ಷ ರದ್ದಿಗೆ! ಆಚೆಯಿಂದ ತಂದಿದ್ದ ಡಿಸ್ಕ್ ಬೆಳಿಗ್ಗೆ ಕಾಣೆಯಾಗಿತ್ತು. ಕಳೆದದ್ದನ್ನು ತರುವುದು ನನ್ನ ಕಸುಬು. 'ಡಿಸ್ಕ್ ಮೇಲಿದೆ' ಎಂಬ ಚೀಟಿ ನಂಬಿ ಡಿಶ್ ಹತ್ತಿದ್ದೆ. ಕತ್ತೆ ನಾನು!

"ಆಚೆಯವರು ಇನ್ನೊಂದು ಡಿಸ್ಕ್ ಕೊಡಲ್ವಾ?"

"ಡೇಟಾ ಹೊರಗೆ ಹೋಗೋಕೆ ಮೂರು ಸಹಿ ಬೇಕು. ನಾಲ್ಕು ದಿನ," ಎಂದರು ಮೇಡಂ.

ಗೋಡೆ ಗಡಿಯಾರದಲ್ಲಿ ಮೂರೂ ಹತ್ತು.

"ಮೇಡಂ! ಪರದೆ ತುಂಬ ಗದ್ದಲ!" ಆಪರೇಟರ್ ಕೂಗಿದ. "ಯಾವುದೋ ಪೆಟ್ರೋಲ್ ಇಂಜಿನ್!"

"ಎಲ್ಲಿದೆ ಅಂತ ಹೇಳಿ!" ಎಂದೆ.

"ಒಂದು ಕಿವಿಗೆ ಜಾಗ ತಿಳಿಯಲ್ಲ. ಎರಡು ಬೇಕು..."

ಮೇಡಂ ಮಾತು ಅರ್ಧಕ್ಕೇ ನಿಲ್ಲಿಸಿ ಟೇಬಲ್ ಫೋನ್ ಎತ್ತಿದರು. ಆಚೆಯ ಡಿಶ್‌ಗೆ.

"ನಿಮ್ಮಲ್ಲೂ ಗದ್ದಲ ಇದೆಯೇನ್ರೀ? ಹೊಸ ಮಾನದಂಡದಲ್ಲಿ ಬರೆದು ಕಳಿಸಿ. ಸಹಿ ಬೇಕಾ?"

"ಗದ್ದಲಕ್ಕೆ ಯಾರು ಸಹಿ ಹಾಕ್ತಾರೆ ಮೇಡಂ? ಅದೇನು ಡೇಟಾನಾ? ತಗೊಳ್ಳಿ!"

ಬಂತು. ತೆರೆಯಿತು! ಎರಡು ಡಿಶ್‌ಗಳ ಗದ್ದಲ ಒಂದೇ ಪರದೆಯಲ್ಲಿ, ಅಕ್ಕಪಕ್ಕ. ಯಾವ ಕಿವಿಗೆ ಎಷ್ಟು ಮೊದಲು ಕೇಳಿಸಿತು ಎಂದು ಲೆಕ್ಕ ಹಾಕಿ ಮೇಡಂ ನಕ್ಷೆಯ ಮೇಲೆ ಗೆರೆ ಎಳೆದರು. ಅದು ರಸ್ತೆಯನ್ನು ಒಂದೇ ಕಡೆ ದಾಟಿತು.

"ಹಳೇ ಪಂಪ್‌ಹೌಸ್. ಓಡಿ!"

ಬೇಗ ಬಂದಿದ್ದ ಸಮಿತಿಯ ಅಧ್ಯಕ್ಷರು ಹಿಂದೆ ಬಾಯಿ ತೆರೆದು ನಿಂತಿದ್ದರು. ಅವರನ್ನು ತಳ್ಳಿಕೊಂಡೇ ಓಡಿದೆ.

ಪಂಪ್‌ಹೌಸ್ ಮುಂದೆ ಬೈಕ್ ಸ್ಟಾರ್ಟಿನಲ್ಲೇ ಇತ್ತು. ಒಳಗೆ ದುಭಾಷಿ! ತೊಡೆಯ ಮೇಲೆ ಡಿಸ್ಕು, ಕೈಯಲ್ಲಿ ಸುತ್ತಿಗೆ.

"ಹತ್ರ ಬಂದ್ರೆ ಪುಡಿ ಮಾಡ್ತೀನಿ!"

"ಮಾಡಿ. ಪರೀಕ್ಷೆ ಆಗ್ಲೇ ಆಗೋಯ್ತು."

"ಸುಳ್ಳು! ಯಾವ ಡೇಟಾ ಮೇಲೆ?"

"ನಿಮ್ಮ ಬೈಕ್ ಮೇಲೆ!"

ಸುತ್ತಿಗೆ ಕೈಯಿಂದ ಜಾರಿತು. ಕೇಬಲ್ಲಿನಲ್ಲಿ ಕೈ ಕಟ್ಟಿ ಜೀಪಿಗೆ ಹಾಕಿಕೊಂಡು ಕಂಟ್ರೋಲ್ ರೂಮಿಗೆ ತಂದೆ.

"ಭಾವಾ... ನೀವಾ?" ಮೇಡಂ ಅವರ ಕಣ್ಣು ತುಂಬಿತು.

"ಇನ್ಮೇಲೆ ನನ್ನನ್ನ ಯಾರು ಕೇಳ್ತಾರಮ್ಮಾ? ಎರಡೂ ಕಡೆಯವರು ಕುರ್ಚಿ ಎಳೆದು ಕೂರಿಸ್ತಿದ್ರು..."

"ಅದಕ್ಕೆ ನನ್ನನ್ನ ಕೊಲ್ತೀರಾ?" ನಾನು ಸಿಡಿದೆ.

"ಬೀಳೋ ಮುಂಚೆ ನಿಲ್ಲಿಸ್ತಿದ್ದೆ," ಎಂದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಮಾನದಂಡ ಅಂಗೀಕಾರ! ಆದ್ರೆ ಹಳೇ ಇಪ್ಪತ್ತು ವರ್ಷದ ಫೈಲುಗಳನ್ನ ಹೊಸದಕ್ಕೆ ತರೋರು ಯಾರು?"

ಎಲ್ಲರೂ ದುಭಾಷಿಯನ್ನೇ ನೋಡಿದರು.

"ಮಾರ್ಪಡಿಸೋ ಕ್ರಮ ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ಅಧ್ಯಕ್ಷರು ಕೇಳಿದರು.

"ಎಲ್ಲ ತಲೇಲಿದೆ."

"ಎಷ್ಟು ಕಾಲ ಬೇಕು?"

"ಹನ್ನೊಂದು ವರ್ಷ."

ಅವನ ನಿವೃತ್ತಿಗೆ ಉಳಿದಿದ್ದೂ ಹನ್ನೊಂದೇ ವರ್ಷವಂತೆ.

"ಇವರ ಕೈ ಬಿಚ್ಚಿ," ಎಂದರು ಅಧ್ಯಕ್ಷರು ನನಗೆ.

"ಸ್ವಾಮೀ, ಇದು ಕೊಲೆ ಯತ್ನ!"

"ಅದಕ್ಕೆ ಬೇರೆ ಸಮಿತಿ ಮಾಡೋಣ."

ಮಾಡಿದರು. ಎರಡೂ ಸಂಸ್ಥೆಗಳ ಒಳಗುಟ್ಟು ಬಲ್ಲವರೇ ಬೇಕೆಂದು ದುಭಾಷಿಯನ್ನೇ ಅದರ ಸಂಚಾಲಕನನ್ನಾಗಿ ಮಾಡಿದರು.