ಕೌದಿ ಕುಡಿದ ನೀರು

"ಟೀಂ... ಟೀಂ... ಟೀಂ..."

ಹೊಸ ವಾಷಿಂಗ್ ಮಷಿನ್ ಮತ್ತೆ ಕೂಗಿತು. ಕೆಂಪು ದೀಪ ಮಿಣುಕಿತು.

"ಮತ್ತ ನೀರು ಬೇಕೇನು ನಿನಗ? ಈಗರ ಕುಡದೀಯಲ್ಲ!" ನೀಲಾ ಸೊಂಟದ ಮೇಲೆ ಕೈಯಿಟ್ಟು ಗದರಿದಳು.

ಗದರಿದರೆ ಮಷಿನ್ ಕೇಳುತ್ತದೆಯೇ? ಮಾಳಿಗೆಯ ಮೇಲಿನ ನೀರಿನ ಟಾಕಿ ಆಗಲೇ ಖಾಲಿಯಾಗಿತ್ತು. ಅಂಗಳದ ಬ್ಯಾರಲ್ಲಿನ ನೀರನ್ನೂ ಬಕೆಟ್ಟಿನಲ್ಲಿ ತಂದು ತಂದು ಸುರಿದಾಗಿತ್ತು. ಒಳಗಿದ್ದದ್ದು ಅಜ್ಜಿಯ ಕೌದಿ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿ. ಎಷ್ಟು ನೀರು ಹಾಕಿದರೂ ಅದು ನೊರೆ ಬಿಡುತ್ತಲೇ ಇತ್ತು.

ಇನ್ನು ಉಳಿದದ್ದು ಅಡುಗೆಮನೆಯಲ್ಲಿದ್ದ ಅರ್ಧ ಕ್ಯಾನ್ ಕುಡಿಯುವ ನೀರು. ನೀಲಾ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅದನ್ನೂ ಎಳೆದು ತಂದು ಸುರಿದೇ ಬಿಟ್ಟಳು. ಮಷಿನ್ ಗರಗರ ತಿರುಗಿ, ಕೊನೆಗೆ ಒಂದು ಹಾಡು ಹಾಡಿ ಸುಮ್ಮನಾಯಿತು.

ಇಷ್ಟೆಲ್ಲ ಅವಳು ಮಾಡಿದ್ದು ಅವ್ವನಿಗಾಗಿ. ರವಿವಾರ ಬಂದರೆ ಅವ್ವ ಬಚ್ಚಲ ಕಲ್ಲಿನ ಮುಂದೆ ಕೂತು ರಾಶಿ ಬಟ್ಟೆ ಒಗೆಯುತ್ತಿದ್ದಳು. ಸೋಪಿನ ಪುಡಿಗೆ ಅವಳ ಬೆರಳುಗಳು ಬಿರಿದಿದ್ದವು. ಜಡೆ ಹೆಣೆಯುವಾಗ ನೀಲಾಳ ಕೂದಲು ಆ ಬಿರುಕುಗಳಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ನೋಡಲಾರದೆ ಅಪ್ಪ ಮಷಿನ್ ತಂದಿದ್ದ.

ತಂದು ನಾಲ್ಕು ದಿನವಾದರೂ ಅವ್ವ ಅದನ್ನು ಮುಟ್ಟಿರಲಿಲ್ಲ. "ನಳ ಬಂದ ದಿನಾ ಹಾಕೂಣು" ಎನ್ನುತ್ತಿದ್ದಳು. ಅವರ ಓಣಿಗೆ ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತಿತ್ತು. ಮುಂದಿನ ನಳಕ್ಕೆ ಇನ್ನೂ ಮೂರು ದಿನವಿತ್ತು. ಹೊಸ ಸೀರೆಯನ್ನೂ ಉಡದೆ ಮಡಿಸಿಡುವವಳು ಅವ್ವ, ಇದೂ ಹಾಗೆಯೇ ಎಂದುಕೊಂಡಳು ನೀಲಾ. ಇವತ್ತು ಅವ್ವ ಶಿರೂರಿಗೆ ತವರುಮನೆಗೆ ಹೋಗಿದ್ದಳು. ಸಂಜೆ ಬರುವುದರೊಳಗೆ ಸರ್‌ಪ್ರೈಸ್!

ಅಷ್ಟರಲ್ಲಿ ಅಜ್ಜಿ ಶಿವಲಿಂಗವ್ವ ಗುಡಿಯ ಕಟ್ಟೆಯ ಹರಟೆ ಮುಗಿಸಿ ಬಂದಳು.

"ನೀಲಾ, ಕಾಲ ತೊಕ್ಕೊಳಾಕ ಒಂದ ತಂಬಿಗಿ ನೀರ ತಾ ಯವ್ವಾ."

ನೀಲಾ ಬ್ಯಾರಲ್ಲಿನೊಳಗೆ ಬಗ್ಗಿದಳು. ತಂಬಿಗೆ ತಳ ಕೆರೆಯಿತು.

"ಅಜ್ಜೀ... ನೀರಿಲ್ಲ. ಎಲ್ಲಾನೂ ಮಷಿನ್ ಕುಡೀತು. ಕ್ಯಾನಿಂದೂ."

ಅಜ್ಜಿ ಮಷಿನ್ನಿನೊಳಗೆ ಮುದ್ದೆಯಾಗಿ ಬಿದ್ದಿದ್ದ ತನ್ನ ಕೌದಿಯನ್ನು ನೋಡಿದಳು. "ಅಯ್ಯ ಶಿವನ! ಇದೇನು ಮಷಿನ್ನೋ ಆನಿಯೋ!" ಎಂದು ನಕ್ಕೇಬಿಟ್ಟಳು.

ನೀಲಾಳಿಗೆ ನಗು ಬರಲಿಲ್ಲ. ಅವಳಿಗೆ ನಾಳೆಯ ಬೆಳಗು ನೆನಪಾಗಿತ್ತು. ಅಜ್ಜಿ ಜಳಕ ಮಾಡಿ, ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ಚಹಾ ಕೂಡ ಕುಡಿಯುವವಳಲ್ಲ. ಜ್ವರ ಬಂದಾಗಲೂ ಕುಡಿದವಳಲ್ಲ. ಉಪ್ಪಿಟ್ಟೋ ರೊಟ್ಟಿಯೋ ತಿಂದ ಮೇಲೆಯೇ ಅವಳ ಬಿಪಿ ಗುಳಿಗೆ.

"ನಾಳೆ ಪೂಜಿಗೆ ಏನ್ ಮಾಡ್ತಿ ಅಜ್ಜಿ? ಗುಳಿಗಿ?"

"ಶಿವಾ ದಾರಿ ತೋರಸ್ತಾನ. ಆದ್ರ ಅಂವೇನು ಕೊಡಾ ಹೊತ್ತು ತರೂದಿಲ್ಲ. ಓಣ್ಯಾಗ ಹೋಗಿ ಕೇಳು."

ಕೇಳುವುದು! ನೀಲಾ ಹೇಗೆ ಕೇಳಿಯಾಳು? ನಿನ್ನೆಯಷ್ಟೇ ಪಕ್ಕದ ಮನೆಯ ನಾಸೀರನ ಮುಂದೆ ಜಂಬ ಕೊಚ್ಚಿದ್ದಳು. "ನಮ್ಮನ್ಯಾಗ ಇನ್ನ ಕೈಲೆ ಒಗ್ಯಾಣ ಬಂದ್. ನೀವು ಒಗಕೋಂತ ಕುಂದರ್ರಿ!"

ಆದರೆ ಅಜ್ಜಿ ಉಪವಾಸ ಕೂರುವುದೆಂದರೆ? ನೀಲಾ ತಲೆ ತಗ್ಗಿಸಿ ನಾಸೀರನ ಬಾಗಿಲಿಗೆ ಹೋಗಿ ನಿಂತಳು.

"ಚಾಚಿ, ಒಂದ ಕೊಡಾ ನೀರು ಕೊಡ್ತೀರೇನ್ರಿ? ಅಜ್ಜಿ ಪೂಜಿಗೆ..."

"ನಿಮ್ಮ ಮಷಿನ್ನಿಗೆ ನೀರಡಿಕಿ ಆಗೇತೇನು?" ಒಳಗಿನಿಂದ ನಾಸೀರ ಕಿಸಕ್ಕೆಂದ.

"ಬಾಯಿ ಮುಚ್ಚಲೇ!" ಎಂದು ಮಗನನ್ನು ಗದರಿದಳು ಚಾಚಿ.

ಚಾಚಿಯ ಮನೆಯಲ್ಲೂ ಉಳಿದದ್ದು ಆರೇ ಕೊಡ ನೀರು. ನೀಲಾ ಎಣಿಸಿದಳು. ಚಾಚಿ ಎಣಿಸಲಿಲ್ಲ. ಒಂದು ಖಾಲಿ ತಾಮ್ರದ ಕೊಡ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಆಮೇಲೆ ತುಂಬಿದಳು. "ಪೂಜಿಗಂದ್ರ ಸ್ವಚ್ಛ ಇರಬೇಕಲ್ಲ. ನಾಸೀರ, ಹೊತ್ತು ಕೊಟ್ಟು ಬಾ."

ಎದುರುಮನೆಯ ರಮಾಬಾಯಿ, "ಅವ್ವನ್ನ ಕೇಳಿ ಮಷಿನ್ ಹಾಕಬಾರದಿತ್ತೇನ ಹುಡುಗಿ?" ಎಂದು ಗೊಣಗುತ್ತಲೇ ಒಂದು ಕೊಡ ತುಂಬಿಕೊಟ್ಟರು. ಕಿರಾಣಿ ಅಂಗಡಿಯ ಯಮನಪ್ಪ ಕಾಕಾ ತಾನೇ ಒಂದು ಕೊಡ ಹೊತ್ತು ತಂದಿಟ್ಟ.

ಸಂಜೆ ಅವ್ವ ಬಂದಾಗ ಮನೆಯ ಕಟ್ಟೆಯ ಮೇಲೆ ಮೂರು ಕೊಡಗಳಿದ್ದವು. ನೀಲಾ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಅತ್ತುಬಿಟ್ಟಳು.

"ಅದಕ್ಕ ನಳ ಬಂದ ದಿನಾ ಅಂದಿದ್ದೆ, ಹುಚ್ಚಿ!" ಅವ್ವ ಚೆನ್ನಾಗಿ ಬೈದಳು. ಬೈಯುತ್ತಲೇ ಹೋಗಿ ಕೌದಿಯನ್ನು ಹೊರಗೆ ತೆಗೆದು ಮೂಸಿದಳು. "ಛಂದ ಒಗದೈತಿ" ಎಂದು ಬಿರಿದ ಬೆರಳುಗಳಿಂದ ನೀಲಾಳ ಕೆನ್ನೆ ಒರೆಸಿದಳು.

ಮರುದಿನ ಬೆಳಿಗ್ಗೆ ಅಜ್ಜಿ ಅಂಗೈಯ ಲಿಂಗಕ್ಕೆ ಹನಿಹನಿಯಾಗಿ ನೀರೆರೆದಳು. ಪಕ್ಕದಲ್ಲಿ ಚಾಚಿಯ ತಾಮ್ರದ ಕೊಡ ಥಳಥಳಿಸುತ್ತಿತ್ತು. ಅಜ್ಜಿ ಗುಳಿಗೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನೀಲಾ ಸಾಲೆಗೆ ಹೊರಟಳು.

ಮೂರನೆಯ ದಿನ ನಳ ಬಂತು. ಪಡೆದ ಕೊಡವನ್ನು ಬರಿದು ಮಾಡಿ ಮರಳಿಸಬಾರದು. ನೀಲಾ ಮೂರನ್ನೂ ತುಂಬಿಸಿ, ಅವ್ವನ ಜೊತೆ ಮೂರೂ ಮನೆಗೆ ಹೋಗಿ ಕೊಟ್ಟಳು. ಚಾಚಿಯ ಮನೆಯಲ್ಲಿ ಮಾತ್ರ ಕೊಡ ಕೊಟ್ಟ ಮೇಲೂ ಅವಳು ಬಾಗಿಲಲ್ಲೇ ನಿಂತಳು.

"ಚಾಚಿ, ನಿಮ್ಮ ಕೌದಿ ಕೊಡ್ರಿ. ನಮ್ಮ ಮಷಿನ್ನಿಗೆ ಹಾಕ್ತೇವ್ರಿ. ಅವ್ವಾನ ಹೇಳ್ಯಾಳ."

ನಾಸೀರ ಕೌದಿಯನ್ನು ತಲೆಯ ಮೇಲೆ ಹೊತ್ತು ತಂದ. ಅವ್ವ ಬಟನ್ ಒತ್ತಿದಳು. ಮಷಿನ್ನಿನೊಳಗೆ ನೀರು ಜುಳುಜುಳು ಬೀಳತೊಡಗಿತು. ನೀಲಾ ಅದಕ್ಕೆ ಕಿವಿಯಿಟ್ಟು ಬೆರಳು ಮಡಚುತ್ತಿದ್ದಳು.

"ಏನ ಎಣಸಾಕತ್ತಿ?" ನಾಸೀರ ಕೇಳಿದ.

"ಕೊಡಾ. ಇದು ನಿಮ್ಮದು... ಇದು ರಮಾಬಾಯಾರದು... ಇದು ಯಮನಪ್ಪ ಕಾಕಾಂದು..."

ಮೂರು ಕೊಡವಾದರೂ ನೀರು ಬೀಳುತ್ತಲೇ ಇತ್ತು. ನೀಲಾ ಮೆಲ್ಲಗೆ ಎದ್ದಳು. ಬಕೆಟ್ ತಂದು, ಮಷಿನ್ ನೀರು ಹೊರಚೆಲ್ಲುವ ಪೈಪಿನ ಬಾಯಿಗೆ ಇಟ್ಟಳು.