ಐದರ ಬದಲು ಆರು

"ಮೇಡಂ, ಮಾತು ನಿಲ್ಸಿ... ಮ್ಯಾನೇಜರ್ ಕದ್ದು ಕೇಳ್ತಿದ್ದಾನೆ!"

ಕಿವಿಯೊಳಗೇ ಗಂಡಸಿನ ಧ್ವನಿ! ವರ್ಲೀನ್ ಬೆಚ್ಚಿಬಿದ್ದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಗೆಳತಿ ಡಾಟಿಗೆ ಅವಳು ಆಫೀಸಿನ ಫೋನಿನಲ್ಲೇ ಹೇಳುತ್ತಿದ್ದಳು, "ಇನ್ನು ಹನ್ನೊಂದೇ ಸಹಿ ಕಣೇ, ಯೂನಿಯನ್ ಆಗೇಬಿಡುತ್ತೆ!" ಡಾಟಿಗೆ ಆ ಧ್ವನಿ ಕೇಳಿಸಿರಲಿಲ್ಲ.

ಗಾಜಿನ ಕೋಣೆಯತ್ತ ನೋಡಿದಳು. ಫೋನು ವ್ಯವಸ್ಥೆ ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ಎಮೆಟ್, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಅವಳನ್ನೇ ನೋಡುತ್ತಿದ್ದ.

ಅಮೆರಿಕದ ಹಂಟ್ಸ್‌ವಿಲ್ಲಿನ ಆ ಕಾಲ್ ಸೆಂಟರಿನಲ್ಲಿ ಫ್ರಿಜ್ ರಿಪೇರಿಯ ಕರೆಗಳು ತಾವಾಗಿಯೇ ಕಿವಿಗೆ ಬಂದು ಬೀಳುತ್ತಿದ್ದವು. ಬೇಡವೆನ್ನಲು ಗುಂಡಿಯಿಲ್ಲ. ಶೌಚಕ್ಕೂ ಮ್ಯಾನೇಜರ್ ಹಾಲ್‌ಬ್ರೂಕ್‌ನ ಅಪ್ಪಣೆ. ನಾಲ್ಕು ನಿಮಿಷ ಮೀರಿದರೆ ಗೋಡೆಯ ಪರದೆಯಲ್ಲಿ ಹೆಸರು ಕೆಂಪಗೆ! ನಲವತ್ತು ಹೆಂಗಸರ ಮೈಯನ್ನು ಗಡಿಯಾರಕ್ಕೆ ಕಟ್ಟಿಹಾಕಿ, ಅದಕ್ಕೆ ಉದ್ಯೋಗವೆಂದು ಹೆಸರಿಟ್ಟಿದ್ದರು.

ಊಟದ ವಿರಾಮದಲ್ಲಿ ವರ್ಲೀನ್ ಅವನ ಕೋಣೆಗೇ ನುಗ್ಗಿದಳು.

"ನಾನು ಉಸಿರಾಡೋದನ್ನೂ ಕೇಳಿಸ್ಕೊಂಡ್ರಾ? ನಾಚಿಕೆ ಆಗಲ್ವಾ?"

"ಬೈಯೋದಾದ್ರೆ ಓದಿ ಬೈಯಿರಿ," ಎಮೆಟ್ ಪರದೆಯನ್ನು ಅವಳತ್ತ ತಿರುಗಿಸಿದ. "ನಮ್ಮ ಫೋನ್ ನಡೆಸೋದು ಬೀಗ ಹಾಕಿದ ಸಾಫ್ಟ್‌ವೇರ್ ಅಲ್ಲ. ಜಗತ್ತಿನ ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. ಈ ಪಟ್ಟಿಯಲ್ಲಿ ನಿಮ್ಮ ನಂಬರ್ ಹುಡುಕಿ."

ಇನ್ನೂರ ಹದಿನಾಲ್ಕು. ಕದ್ದಾಲಿಸುವ ಪಟ್ಟಿಯಲ್ಲಿತ್ತು. ಪಕ್ಕದಲ್ಲಿ ಸೇರಿಸಿದವನ ಹೆಸರು: ಹಾಲ್‌ಬ್ರೂಕ್. ತಾರೀಖು, ಎಮೆಟ್ ಕೆಲಸಕ್ಕೆ ಸೇರುವುದಕ್ಕೆ ಒಂದು ವರ್ಷ ಮೊದಲಿನದು!

"ಈಗ ನಲವತ್ತೂ ನಂಬರ್ ಸೇರಿಸು ಅಂದ. ನಾನು ಬರೆಯಲ್ಲ ಅಂದೆ."

"ಆಮೇಲೆ?"

"ಆಮೇಲೇನು... ಇವತ್ತೇ ನನ್ನ ಕೊನೇ ದಿನ."

ಅವನು ಬಂದಾಗಿನಿಂದ ವರ್ಲೀನಳ ಕಣ್ಣು ಆಗಾಗ ಈ ಗಾಜಿನ ಕೋಣೆಯತ್ತ ಹೋಗುತ್ತಿತ್ತು. ಅಯ್ಯೋ, ಯಾರನ್ನು ಬೈದುಬಿಟ್ಟೆ! ಕ್ಷಮಿಸಿ ಎನ್ನುವಷ್ಟರಲ್ಲಿ ಹಾಲ್‌ಬ್ರೂಕ್ ಬಾಗಿಲಲ್ಲಿ ಗುಡುಗಿದ, "ಸೀಟಿಗೆ!"

ಕೂತಳು. ಕರೆ ಬಿತ್ತು. ಪಕ್ಕದೂರು ಡಿಕೇಟರಿನ ಅಜ್ಜಿಯೊಬ್ಬರ ಫ್ರೀಜರ್ ಕೆಟ್ಟಿತ್ತು.

"ಬೆಂಡೆಕಾಯೆಲ್ಲಾ ನೀರು ಬಿಡ್ತಿದೆ ಮಗಳೇ..."

ನಡುವೆ ಕಿವಿಯೊಳಗೆ ಮತ್ತೆ ಎಮೆಟ್‌ನ ಧ್ವನಿ. "ವರ್ಲೀನ್, ಹೊರಡೋ ಮುಂಚೆ ಒಂದು ಮಾತು. ನಾನು ಬಂದ ಮೊದಲ ವಾರವೇ ನೀನು ಹಾಲ್‌ಬ್ರೂಕ್‌ಗೆ ಎದುರು ನಿಂತು ಡಾಟಿಗೆ ರಜೆ ಕೊಡಿಸಿದೆಯಲ್ಲಾ... ಅವತ್ತಿಂದ ನನಗೆ ನೀನು ಅಂದ್ರೆ ಪ್ರಾಣ. ಉತ್ತರ ಕೊಡಬೇಡ. ಇದು ನಿನಗೊಬ್ಬಳಿಗೇ ಕೇಳ್ಸೋದು."

ಫೋನಿನಲ್ಲಿ ಐದು ಒತ್ತಿದ್ದರೆ ಅವಳೊಬ್ಬಳಿಗೇ ಕೇಳುತ್ತಿತ್ತು. ಅವಸರದಲ್ಲಿ ಆರು ಒತ್ತಿದ್ದ. ಆರು ಒತ್ತಿದರೆ ಎರಡೂ ತುದಿಗೆ ಕೇಳುತ್ತದೆ!

"ನನಗೂ ಕೇಳ್ತಲ್ಲಪ್ಪಾ!" ಅಜ್ಜಿ ನಕ್ಕರು. "ಹೇಳಮ್ಮಾ, ಹುಡುಗ ಒಳ್ಳೆಯವನೇನೇ? ನನ್ನ ಬೆಂಡೆಕಾಯಿ ಹಾಳಾಗೋಗ್ಲಿ!"

ಹಾಲ್‌ಬ್ರೂಕ್ ಕೇಳುತ್ತಿದ್ದಾನೆ... ಕೇಳಲಿ! ವರ್ಲೀನ್ ಬೆನ್ನು ನೆಟ್ಟಗೆ ಮಾಡಿದಳು.

"ಒಳ್ಳೆಯವನು ಅಜ್ಜಿ. ಎಮೆಟ್, ನನಗೂ ನೀನು ಬೇಕು. ಆದರೆ ನಿನ್ನ ಹಿಂದೆ ಈ ಕುರ್ಚಿ ಬಿಟ್ಟು ಬರಲ್ಲ. ಹನ್ನೊಂದು ಸಹಿ ಬಾಕಿ ಇದೆ. ಕಾಯ್ತೀಯಾ?"

"ಎಷ್ಟು ದಿನ ಆದ್ರೂ," ಅವನ ಧ್ವನಿ ಪಿಸುಗುಟ್ಟಿತು.

"ಇನ್ಮೇಲೆ ಪಿಸುಗುಟ್ಟಬೇಡ ಕಣೋ," ಎಂದಳು ಅವಳು. "ಗಟ್ಟಿಯಾಗಿ ಹೇಳು."