ಕೀವಿಲ್ಲದ ಗಾಯ

“ಈ ಲಗ್ನ ಆಗೂದಿಲ್ಲ, ಶುಭಾ. ಬ್ಯಾರೆ ಕಡೆ ನೋಡ್ರಿ ಅಂತ ನಿಮ್ಮಪ್ಪಗ ಹೇಳು.”

ಗೋಕಾಕದ ಆಸ್ಪತ್ರೆಯ ವರಾಂಡದಲ್ಲಿ ಇಷ್ಟು ಹೇಳಿ ಸಮ್ಮೇದ ಮುಖ ತಿರುಗಿಸಿದ. ಶುಭಾಂಗಿ ಗಂಜಿಯ ಡಬ್ಬಿ ಹಿಡಿದೇ ಅವನೆದುರು ಬಂದು ನಿಂತಳು.

“ಯಾಕ ಮಾಮಾ? ನಾ ಏನ ತಪ್ಪ ಮಾಡೇನಿ?”

“ಏನೂ ಇಲ್ಲ...”

“ಬ್ಯಾರೆ ಯಾರರ ಅದಾರೇನು?”

ಅವನು ಮೆಟ್ಟಿಲಿಳಿದು ಹೋಗೇಬಿಟ್ಟ!

ಸಮ್ಮೇದ ಅವಳ ಸೋದರತ್ತೆ ಜಿನ್ನವ್ವನ ಕಿರಿಮಗ. ಶುಭಾಂಗಿ ತೊಟ್ಟಿಲಲ್ಲಿದ್ದಾಗಲೇ ಜಿನ್ನವ್ವ ಕಣಗಲಾ ಊರಿನ ತವರಿಗೆ ಬಂದು, “ಈಕಿ ನನ್ನ ಸೊಸಿ” ಎಂದು ಅರಿಸಿನ ಹಚ್ಚಿ ಹೋಗಿದ್ದಳು. ಅತ್ತೆಯ ಮಗ ಇರುವಾಗ ಹೊರಗಿನ ವರ ಹುಡುಕಿದರೆ ಆ ಕಡೆಯ ಜನ ನಗುತ್ತಾರೆ. ಶುಭಾಂಗಿಯ ಅಕ್ಕ ತೃಪ್ತಿಯೂ ಹೀಗೆಯೇ ಸಮ್ಮೇದನ ಅಣ್ಣ ಜಯಪಾಲನನ್ನು ಮದುವೆಯಾಗಿ ಮೇಲವಂಕಿಯ ಅತ್ತೆಮನೆ ಸೇರಿದ್ದಳು. ಅವರ ಕೂಸು ಪದ್ಮಾ ಈಗ ಒಳಗೆ ಜ್ವರದಲ್ಲಿ ಬೇಯುತ್ತಿತ್ತು.

ಹುಟ್ಟಿದಾಗ ಆ ಕೂಸಿನ ಹೊಕ್ಕುಳಬಳ್ಳಿ ಬೀಳಲೇ ತಿಂಗಳು ಹಿಡಿಯಿತು. ಆಮೇಲೆ ಕಾಲಿಗೊಂದು ಸಣ್ಣ ಗಾಯ. ಅದು ಮಾಯಲಿಲ್ಲ, ಅಗಲವಾಗುತ್ತಲೇ ಹೋಯಿತು. ಕೀವು ಮಾತ್ರ ಒಂದು ತೊಟ್ಟೂ ಇರಲಿಲ್ಲ. ಜಿನ್ನವ್ವನಿಗೆ ಅದೇ ದೊಡ್ಡ ಹೆಮ್ಮೆ!

“ಜೈನರು ನಾವು, ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟೂ ಮಂದಿ ಅಲ್ಲ. ಶುದ್ಧ ರಕ್ತಕ್ಕ ಕೀವ ಎಲ್ಲಿಂದ ಬರಬೇಕು?”

ಅವಳ ಮಾತು ನಂಬಿ ಮನೆಯವರು ಮೂಡಲಗಿಯಿಂದ ತಂದ ಮುಲಾಮು ಸವರುತ್ತ ಕೂತರು. ಜ್ವರ ನೆತ್ತಿಗೇರಿದ ಮೇಲೆ ಗೋಕಾಕಕ್ಕೆ ಓಡಿ ಬಂದರು.

ಶುಭಾಂಗಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ತೃಪ್ತಿ ಕೂಸಿನ ಪಾದ ಹಿಡಿದು ಕೂತಿದ್ದಳು.

“ಶುಭಾ, ಬಸುರಿದ್ದಾಗ ನಾ ಏನರ ತಿನ್ನಬಾರದ್ದ ತಿಂದ್ನೇನ? ನನ್ನ ತಪ್ಪಿಂದನ ಹಿಂಗ ಆತೇನ?”

“ಹಂಗ ಅನಬ್ಯಾಡ ಅಕ್ಕಾ...”

ಶುಭಾಂಗಿ ಗಂಜಿಯ ಡಬ್ಬಿಯನ್ನು ಅಕ್ಕನ ಪಕ್ಕದಲ್ಲಿಟ್ಟಳು. ‘ಅಕ್ಕನ ಕೂಸು ಜಡ್ಡಿನದು ಅಂತ ನಮ್ಮ ಮನೆಯ ಹೆಣ್ಣೇ ಬೇಡವಾಯಿತೇ ಅವನಿಗೆ?’ ಎಂದುಕೊಂಡು ಅವಳು ನೇರ ಡಾಕ್ಟರ್ ಸಾಹಿರಾ ಅವರ ಕೋಣೆಗೆ ನುಗ್ಗಿದಳು.

“ಮುಂಬೈದಿಂದ ರಿಪೋರ್ಟ್ ಬಂದೈತೆಂತ. ನಮ್ಮ ಪದ್ಮಾಗ ಏನಾಗೇತ್ರಿ?”

ಸಾಹಿರಾ ಕುರ್ಚಿ ತೋರಿಸಿದರು.

“ಕೂಸಿನ ರಕ್ತದಾಗ ಬಿಳಿ ಕಣ ಬೇಕಾದಷ್ಟು ಅದಾವ. ಗಾಯ ಆದಲ್ಲಿ ರಕ್ತನಾಳದ ಗ್ವಾಡಿ ಅವಕ್ಕ ಸೂಚನಾ ಕೊಡತೈತಿ. ಕಣದ ಮೈಮ್ಯಾಲೆ ಕೊಂಡಿಯಂಥಾ ಪ್ರೋಟೀನ್ ಇರತಾವ. ಅದರಿಂದ ಗ್ವಾಡಿ ಹಿಡದು ನಿಂತು, ಸಂದಿಯಾಗ ನುಸುಳಿ ಹೊರಗ ಬಂದು ರೋಗಾಣು ಕೊಲ್ಲತಾವ. ಹಂಗ ಹೊರಗ ಬಂದು ಸತ್ತ ಕಣದಿಂದನ ಕೀವ ಆಗತೈತಿ. ಪದ್ಮಾನ ಕಣಕ್ಕ ಆ ಕೊಂಡೀನ ಇಲ್ಲ.”

“ಅಂದ್ರ...?”

“ನಿಮ್ಮ ಕಣಗಲಾದ ಬಾಜೂಕ ಹೈವೇದಾಗ ಬ್ರೇಕ್ ಇಲ್ಲದ ಬಸ್ಸು ಓಡಿದಂಗ. ತುಂಬ ಮಂದಿ ಇರತಾರ, ಊರು ಬಂದ್ರೂ ಇಳಿಯಾಕ ಆಗಂಗಿಲ್ಲ.”

“ಔಷಧಾ?”

“ಬ್ಯಾರೆಯವರ ಅಸ್ಥಿಮಜ್ಜೆ ಹಾಕಬೇಕು. ನಿಮ್ಮ ಮನಿಮಂದ್ಯಾಗ ಯಾರದೂ ಕೂಡಲಿಲ್ಲ. ಹೊರಗಿನವರದು ಹುಡುಕೂ ತನಕ ಕೂಸು ತಡಿಯೂದು ಕಷ್ಟ.”

ಡಾಕ್ಟರೇ ಕೈಚೆಲ್ಲಿದರೆ ಉಳಿದವರು ಯಾರ ಬಾಗಿಲು ತಟ್ಟಬೇಕು? ಶುಭಾಂಗಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಸಾಹಿರಾ ದನಿ ತಗ್ಗಿಸಿದರು. “ಇನ್ನೊಂದ ಮಾತು ನೀವೂ ತಿಳಕೋಬೇಕು. ಈ ಕೊರತಿ ಅರ್ಧ ತಂದಿಯಿಂದ, ಅರ್ಧ ತಾಯಿಯಿಂದ ಬರತೈತಿ. ರಕ್ತಸಂಬಂಧದಾಗ ಲಗ್ನ ಆದ್ರ ಎರಡೂ ಕೂಡೂದು ಜಾಸ್ತಿ. ನಿಮ್ಮಾಗೂ, ಸಮ್ಮೇದನಾಗೂ ಅಡಗಿರಬಹುದು. ಮುಂಜಾನಿ ಇದನ್ನ ಕೇಳಿ ಅವ ಕೈ ಮುಗದ. ‘ನಮ್ಮ ತೃಪ್ತಿ ವೈನಿ ಕಿವಿಗೆ ಬೀಳೂದ ಬ್ಯಾಡ್ರಿ, ತಮ್ಮ ಲಗ್ನದಿಂದನ ಕೂಸಿಗೆ ಜಡ್ಡಾತು ಅಂತ ಎದಿ ಒಡಕೋತಾರ’ ಅಂದ.”

ಅಯ್ಯೋ! ಅದಕ್ಕೇ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ...

ಅವಳು ಹುಡುಕುತ್ತ ಓಡಿದಳು. ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಸಮ್ಮೇದ ಪದ್ಮಾಳ ದುಪ್ಪಟಿ ಒಗೆಯುತ್ತಿದ್ದ.

“ಎಲ್ಲಾ ಒಬ್ಬನ ನುಂಗಿಕೊಂಡ ಕುಂತಿದ್ಯಾ?”

ಅವನು ತಲೆ ಎತ್ತಲಿಲ್ಲ. “ಡಾಕ್ಟರ್ ಹೇಳಿದ್ರೇನು?”

“ಹೇಳಿದ್ರು. ‘ನಾನು ಕೆಟ್ಟವನಾದ್ರೂ ಅಡ್ಡಿಯಿಲ್ಲ, ವೈನಿ ಅಳಬಾರದು’ ಅಂದಿ. ಇಂಥವನ್ನ ಬಿಟ್ಟು ನಾ ಯಾರನ್ನ ಕಟ್ಟಿಕೊಳ್ಳಲಿ?”

“ನಾಳೆ ನಮ್ಮ ಕೂಸೂ ಹಿಂಗ ನರಳಿದ್ರ? ಮತ್ತೊಮ್ಮೆ ನೋಡೂ ಶಕ್ತಿ ನನಗಿಲ್ಲ, ಶುಭಾ...”

“ಮುಂಬೈಗೆ ನಮ್ಮಿಬ್ಬರದೂ ರಕ್ತ ಕಳಸೂಣು. ಇಬ್ಬರಾಗೂ ಐತಿ ಅಂತ ಬಂದ್ರ ಕೂಸ ಬ್ಯಾಡ. ನನಗ ನೀ ಬೇಕು!”

ಕಿಟಕಿಯೊಳಗಿಂದ ಪದ್ಮಾಳ ಕ್ಷೀಣ ಅಳು ಕೇಳಿಸಿತು. ಇಬ್ಬರೂ ಅತ್ತ ತಿರುಗಿದರು. ಹೋಗಿ ಮಾಡುವುದಾದರೂ ಏನಿತ್ತು?

“ಆಕಿ ಉಳಿಯಂಗಿಲ್ಲ, ಶುಭಾ.”

“ಗೊತ್ತೈತಿ...”

“ಅಣ್ಣನ ಮುಂದ, ವೈನಿ ಮುಂದ ಅಳಾಕ ಬರಂಗಿಲ್ಲ. ನಾ ಎಲ್ಲಿ ಅಳಲಿ?”

ಶುಭಾಂಗಿ ಬಾಗಿ ಒದ್ದೆ ದುಪ್ಪಟಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಹಿಂಡಿದರು.

“ನನ್ನ ಮುಂದ ಅಳು, ಮಾಮಾ. ನಾನೂ ನಿನ್ನ ಮುಂದನ ಅಳತೇನಿ.”